ವೇಗದ ಪಾಠಾಂತರಗಳು

ಮಲ್ಪೆಯಿಂದ ತೊಟ್ಟಂ ಮಾರ್ಗವಾಗಿ ಹೂಡೆಗೆ ಬರುವ ರಸ್ತೆ ಬಹುದೂರ ಹೋಗುವಂಥದಲ್ಲ. ಪಡುವಲಿಗೆ ಕಡಲು, ಮೂಡಲಿಗೆ ಸ್ವರ್ಣಾ ನದಿ. ಇವೆರಡರ ನಡುವಣ ಕಿರಿದಾದ ನೆಲದ ಮೇಲೆ ತೆಂಗಿನ ತೋಟಗಳನ್ನು ಬಳಸಿ, ಮನೆಯಂಗಳಗಳನ್ನು ಸವರಿಕೊಂಡು ಸಾಗಿ, ಕೋಡಿ ಬೆಂಗ್ರೆಯಲ್ಲಿ ಅದು ಮುಗಿದೇ ಹೋಗುತ್ತದೆ. ಅಲ್ಲಿಂದ ಮುಂದಕ್ಕೆ ಹೋಗಬೇಕೆನ್ನುವವನು ದೋಣಿಯನ್ನೇ ನೆಚ್ಚಬೇಕು. ಇಂಥ ರಸ್ತೆಗೆ ರಜಾದಿನಗಳ ಸಂಜೆ ಬಂದು ನಿಲ್ಲುವ ಕಾರುಗಳಲ್ಲಿ ಕೆಲವು ಗಂಟೆಗೆ 200 ಕಿಲೋಮೀಟರಿಗೂ ಮಿಕ್ಕಿ ಓಡಬಲ್ಲವೆಂಬುದು ಒಂದು ವಿನೋದ. ಅವುಗಳ ಸುತ್ತ ನೆರೆಯುವ ತರುಣರ ಚರ್ಚೆಯೋ ಇನ್ನೂ ಸ್ವಾರಸ್ಯವಾದುದು. ಕಾರು ಚೆನ್ನಾಗಿದೆಯೇ ಇಲ್ಲವೇ ಎಂಬುದು ಅಲ್ಲಿ ಪ್ರಶ್ನೆಯೇ ಅಲ್ಲ. ಈ ಮಾದರಿಯ ಹಿಂದಿನ ಆವೃತ್ತಿ ಮೇಲೋ, ತಿದ್ದಿ ಹೊರತಂದ ಈಗಿನ ಆವೃತ್ತಿ ಮೇಲೋ. ಇಂತಿಷ್ಟು ಅಶ್ವಶಕ್ತಿ ಏರಿತೋ ಇಳಿಯಿತೋ. ನಿಂತಲ್ಲಿಂದ ನೂರರ ವೇಗ ಮುಟ್ಟಲು ಎಷ್ಟು ಸೆಕೆಂಡು ಉಳಿಯಿತು, ಎಷ್ಟು ಕಳೆಯಿತು—ಇವೇ ವಾದದ ವಿಷಯ. ಹಳಗನ್ನಡ ಕಾವ್ಯದ ಎರಡು ಓಲೆಪ್ರತಿಗಳನ್ನು ಮುಂದಿಟ್ಟುಕೊಂಡು ಪಾಠಾಂತರಗಳನ್ನು ತೂಗುವ ಪಂಡಿತರಲ್ಲಿ ಕಾಣುವ ನಿಷ್ಠೆಯೇ ಈ ಹುಡುಗರಲ್ಲಿಯೂ ಕಾಣುತ್ತದೆ.

ಈ ಹೋಲಿಕೆಯನ್ನು ಹಾಸ್ಯಕ್ಕಾಗಿ ತಂದುದಲ್ಲ. ಗ್ರಂಥಸಂಪಾದನೆಯ ಮೊದಲ ಪಾಠವೆಂದರೆ, ಪ್ರತಿಯು ಹಳೆಯದೆಂಬ ಮಾತ್ರಕ್ಕೆ ಶುದ್ಧವಲ್ಲ, ಹೊಸದೆಂಬ ಮಾತ್ರಕ್ಕೆ ಭ್ರಷ್ಟವೂ ಅಲ್ಲ; ಬದಲಾವಣೆ ಏಕೆ ಆಯಿತೆಂಬುದನ್ನು ಮೊದಲು ವಿಚಾರಿಸಬೇಕು. ಲಿಪಿಕಾರನ ಕಣ್ತಪ್ಪೋ, ತಿಳಿಯದ ಶಬ್ದವನ್ನು ತಿಳಿಯಾಗಿಸುವ ಆತನ ಉತ್ಸಾಹವೋ, ಕವಿಯೇ ಮಾಡಿದ ತಿದ್ದುಪಡಿಯೋ ಎಂಬುದನ್ನು ಅರಿಯದೆ ತೀರ್ಪು ಕೊಡುವುದು ಅಧಿಕಪ್ರಸಂಗವಾಗುತ್ತದೆ. ಯಂತ್ರಗಳ ವಿಷಯದಲ್ಲಿಯೂ ಇದು ಸತ್ಯ. ಒಂದು ಕಾರಿನ ಮಾದರಿಯನ್ನು ತಯಾರಕರು ತಿದ್ದುವುದು ಅದನ್ನು ಇನ್ನೂ ಚೆನ್ನಾಗಿ ಓಡಿಸಬೇಕೆಂದೇ ಎಂದು ತಿಳಿಯುವವರು ಬಹಳ. ಕಾನೂನು ಹೇಳಿದ್ದಕ್ಕೆ ತಿದ್ದಬಹುದು; ಖರ್ಚು ಕಡಿಮೆಮಾಡಲು ತಿದ್ದಬಹುದು; ಪೆಟ್ರೋಲಿನ ಗುಣ ಬದಲಾಯಿತೆಂದು ತಿದ್ದಬಹುದು; ಏನೂ ತಿದ್ದದೆ, ಅಳೆಯುವ ಕೋಲನ್ನು ಮಾತ್ರ ಬದಲಿಸಲೂಬಹುದು.

ಈ ಕೊನೆಯ ಮಾತು ಉತ್ಪ್ರೇಕ್ಷೆಯೆಂದು ತೋರಿದರೆ ಅಮೆರಿಕದ ಕಾರ್ವೆಟ್ ಕಾರಿನ ಕಥೆಯನ್ನು ನೋಡಬೇಕು. 1970ರಲ್ಲಿ ಆ ಕಾರಿಗೆ ‘ಎಲ್‌ಟಿ-1’ ಎಂಬ, 350 ಘನ ಅಂಗುಲದ ಒಂದು ಎಂಜಿನ್ ಇತ್ತು. ಅದರ ಶಕ್ತಿ 370 ಅಶ್ವಶಕ್ತಿಯೆಂದು ಪ್ರಕಟವಾಗಿತ್ತು. 1971ರಲ್ಲಿ ಅದು 330ಕ್ಕೆ ಇಳಿಯಿತು, 1972ರಲ್ಲಿ 255. ಎರಡೇ ವರ್ಷಗಳಲ್ಲಿ ನೂರಕ್ಕೂ ಮಿಕ್ಕಿ ಕುದುರೆಗಳು ಲಾಯದಿಂದ ಓಡಿಹೋದವೆಂದು ಅಂದಿನ ಅಭಿಮಾನಿಗಳು ಮರುಗಿದರು, ಇಂದಿಗೂ ಮರುಗುವವರುಂಟು. ಆದರೆ ಮೊದಲನೆಯ ಇಳಿತಕ್ಕೂ ಎರಡನೆಯ ಇಳಿತಕ್ಕೂ ಅಜಗಜಾಂತರ. ಸೀಸ ಕಡಿಮೆಯಿರುವ ಪೆಟ್ರೋಲಿಗೆ ಹೊಂದುವಂತೆ ಎಂಜಿನ್ನಿನೊಳಗಣ ಸಂಕೋಚನದ ಪ್ರಮಾಣವನ್ನು 11ರಿಂದ 9ಕ್ಕೆ ತಗ್ಗಿಸಿದ್ದರಿಂದ 1971ರ ನಷ್ಟ ನಿಜವಾದ ನಷ್ಟ. ಮರುವರ್ಷದ್ದು ಬಹುಪಾಲು ಲೆಕ್ಕದ ನಷ್ಟ. ಅಲ್ಲಿಯವರೆಗೆ ಎಂಜಿನ್ನನ್ನು ಕಾರಿನಿಂದ ಬಿಚ್ಚಿ, ಗಾಳಿಯ ಶೋಧಕ, ಸೈಲೆನ್ಸರ್ ಮುಂತಾದ ಹೊರೆಗಳೇನೂ ಇಲ್ಲದೆ ಮೇಜಿನ ಮೇಲೆ ಓಡಿಸಿ ಅಳೆಯುತ್ತಿದ್ದರು. ಅದು ‘ಗ್ರಾಸ್’ ಲೆಕ್ಕ. 1972ರಿಂದ ಕಾರಿನಲ್ಲಿ ಇರುವಂತೆಯೇ ಎಲ್ಲವನ್ನೂ ಜೋಡಿಸಿ ಅಳೆದರು, ಅದು ‘ನೆಟ್’. 1971ರ ಅದೇ ಎಂಜಿನ್ನಿಗೆ ತಯಾರಕರು ಎರಡೂ ಲೆಕ್ಕಗಳನ್ನು ಕೊಟ್ಟಿದ್ದರು: ಹಳೆಯ ಕೋಲಿನಲ್ಲಿ 330, ಹೊಸ ಕೋಲಿನಲ್ಲಿ 275. ಸೇರಿನಲ್ಲಿ ಅಳೆದ ಅಕ್ಕಿಯನ್ನು ಕಿಲೋದಲ್ಲಿ ತೂಗಿ ‘ಅಕ್ಕಿ ಬದಲಾಯಿತು’ ಎಂದು ಗೋಳಾಡಿದಂತಾಯಿತಲ್ಲವೆ?

ಇನ್ನೊಂದು ಬಗೆಯ ಭ್ರಮೆಯೂ ಉಂಟು. 1961ರ ಮಾರ್ಚಿಯಲ್ಲಿ ಜಿನೀವಾದ ಪ್ರದರ್ಶನದಲ್ಲಿ ಬೆಳಕು ಕಂಡ ಜಾಗ್ವಾರ್ ಇ-ಟೈಪ್ ಕಾರನ್ನು ನೋಡಿ ಜಗತ್ತೇ ಬೆರಗಾಯಿತು. ಲಂಡನ್ನಿನ ‘ಆಟೋಕಾರ್’ ಪತ್ರಿಕೆಯವರು ಅದನ್ನು ಪರೀಕ್ಷಿಸಿ ಗಂಟೆಗೆ 150 ಮೈಲಿ ಓಡಿತೆಂದು ಬರೆದರು. ಓದಿ ಕೊಂಡವರಿಗೆ ತಮ್ಮ ಕಾರು ಆ ವೇಗವನ್ನು ಮುಟ್ಟುವುದಿಲ್ಲವೆಂದು ತಿಳಿಯಲು ಬಹಳ ಕಾಲ ಹಿಡಿಯಲಿಲ್ಲ. ಪರೀಕ್ಷೆಗೆ ಕೊಟ್ಟ ಕಾರು ವಿಶೇಷ ಮುತುವರ್ಜಿಯಿಂದ ಸಿದ್ಧಗೊಂಡದ್ದಾಗಿತ್ತು. ಮದುವೆಯ ಮನೆಯಲ್ಲಿ ಹುಡುಗಿಯನ್ನು ನೋಡಿ ಅಡಿಗೆಮನೆಯಲ್ಲಿ ಮತ್ತೊಬ್ಬಳನ್ನು ಕಂಡರೆ ತಪ್ಪು ಯಾರದು ಎಂದು ಹಿಂದಿನವರು ತಮಾಷೆ ಮಾಡುತ್ತಿದ್ದುದುಂಟು. 1964ರಲ್ಲಿ ಇದೇ ಕಾರಿನ ಎಂಜಿನ್ನನ್ನು 3.8 ಲೀಟರಿನಿಂದ 4.2 ಲೀಟರಿಗೆ ಹಿಗ್ಗಿಸಿದರು. ಪ್ರಕಟವಾದ ಅಶ್ವಶಕ್ತಿ ಮಾತ್ರ ಮೊದಲಿನಂತೆ 265. ಅಂಕೆಯನ್ನಷ್ಟೇ ಓದುವವನು ಏನೂ ಬದಲಾಗಿಲ್ಲವೆನ್ನುತ್ತಾನೆ. ನಿಜವಾಗಿ ಬದಲಾದದ್ದು ಎಳೆತ: ಎಂಜಿನ್ನಿನವರು ‘ಟಾರ್ಕ್’ ಎನ್ನುವ ತಿರುಗುಬಲ 260 ಪೌಂಡ್-ಅಡಿಯಿಂದ 283ಕ್ಕೆ ಏರಿತ್ತು. ಜೊತೆಗೆ ಮೊದಲಿನ ಗೊರಗೊರ ಗೇರುಪೆಟ್ಟಿಗೆ ಹೋಗಿ ಸಲೀಸಾದದ್ದು ಬಂದಿತ್ತು, ಬ್ರೇಕು ಸುಧಾರಿಸಿತ್ತು, ಕುಳಿತುಕೊಳ್ಳುವ ಆಸನ ಮನುಷ್ಯರಿಗೆ ತಕ್ಕುದಾಗಿತ್ತು. ದಿನವೂ ಓಡಿಸುವವನಿಗೆ 4.2 ಮೇಲೆಂದೇ ನನ್ನ ಮತ. ಆದರೂ ಸಂಗ್ರಾಹಕರಲ್ಲಿ ಬಹುಮಂದಿ ಮೊದಲ ಮಾದರಿಯನ್ನೇ ಬಯಸುತ್ತಾರೆ. ಅದು ಪ್ರಥಮ ಮುದ್ರಣದ ಮೇಲಿನ ಮೋಹ. ಓದುವುದಕ್ಕಾಗಿ ಪುಸ್ತಕ ಕೊಳ್ಳುವವನ ಮೋಹವಲ್ಲ.

ಹೀಗೆ ಹೊರಗಣ ಉದಾಹರಣೆಗಳನ್ನು ಕೊಡುತ್ತಿರುವಾಗ ನಮ್ಮ ಮನೆಯ ಮುಂದಣ ಗದ್ದೆಯಲ್ಲಿರುವುದನ್ನೇ ಮರೆಯಬಾರದು. ಓಟವನ್ನು ಅಳೆಯುವ ವಿವೇಕದಲ್ಲಿ ಕರಾವಳಿಯ ಕಂಬಳಗಾರರು ಜಗತ್ತಿನ ಮೋಟಾರು ಪತ್ರಿಕೆಗಳಿಗೆ ಪಾಠ ಹೇಳಬಲ್ಲರೆಂದು ನಾನು ಎಣಿಸಿದ್ದೇನೆ. ಕಾರ್ಕಳದ ಮಿಯ್ಯಾರಿನಲ್ಲಾಗಲಿ ಕಟಪಾಡಿಯಲ್ಲಾಗಲಿ ಕಂಬಳಕ್ಕೆ ಹೋದವರಿಗೆ ಗೊತ್ತು: ಅಲ್ಲಿ ‘ಎಲ್ಲಕ್ಕಿಂತ ವೇಗದ ಕೋಣ ಯಾವುದು’ ಎಂಬ ಒಂದೇ ಪ್ರಶ್ನೆಯಿಲ್ಲ. ಹಗ್ಗದ ಕೋಣಗಳು ಬೇರೆ, ನೇಗಿಲಿನವು ಬೇರೆ, ಅಡ್ಡಹಲಗೆಯವು ಬೇರೆ. ಹಗ್ಗ ಮತ್ತು ನೇಗಿಲುಗಳಲ್ಲಿ ಹಿರಿಯ, ಕಿರಿಯ ಎಂಬ ಭೇದವೂ ಉಂಟು. ಹಲಗೆಯ ಮೇಲೆ ನಿಂತು ಓಡಿಸುವವನನ್ನು ಎಳೆಯುವ ಜೋಡಿಯನ್ನೂ ಬರಿಯ ಹಗ್ಗ ಹಿಡಿದು ಓಡುವವನ ಜೋಡಿಯನ್ನೂ ಒಂದೇ ಪಟ್ಟಿಯಲ್ಲಿ ಬರೆಯುವ ಅವಿವೇಕಕ್ಕೆ ಅಲ್ಲಿ ಎಡೆಯಿಲ್ಲ. ಇನ್ನು ಕನೆಹಲಗೆಯ ವಿಭಾಗದಲ್ಲಂತೂ ಹೊತ್ತಿನ ಲೆಕ್ಕವೇ ಇಲ್ಲ. ಹಲಗೆಯ ರಂಧ್ರಗಳಿಂದ ಚಿಮ್ಮಿದ ಕೆಸರುನೀರು ಎಷ್ಟು ಎತ್ತರದ ನಿಶಾನೆಯನ್ನು ಮುಟ್ಟಿತೆಂಬುದೇ—ಆರೂವರೆ ಕೋಲೋ ಏಳೂವರೆ ಕೋಲೋ—ಅಲ್ಲಿ ಸಾಮರ್ಥ್ಯದ ಅಳತೆ. ವೇಗವೂ ಬೇಕು, ಸವಾರ ಹಲಗೆಯನ್ನು ಒತ್ತುವ ಹದವೂ ಬೇಕು. ಯಾವ ಗುಣವನ್ನು ಅಳೆಯುತ್ತೇವೆಂಬುದನ್ನು ಮೊದಲೇ ಗೊತ್ತುಮಾಡಿ, ಅದಕ್ಕೆ ತಕ್ಕ ಕೋಲನ್ನು ನಿಲ್ಲಿಸಿದ ಮೇಲೆಯೇ ಕೋಣಗಳನ್ನು ಕರೆಗೆ ಇಳಿಸುವುದು.

ಇಷ್ಟು ವಿವೇಕವುಳ್ಳ ಕ್ರೀಡೆಯ ಮೇಲೆಯೇ 2020ರಲ್ಲಿ ಹೊರಗಿನವರ ಅಂಕೆಯ ಹುಚ್ಚು ಬಂದು ಬಿದ್ದಿತು. ಆ ವರ್ಷದ ಫೆಬ್ರವರಿಯಲ್ಲಿ ಐಕಳದ ಕಂಬಳದಲ್ಲಿ ಶ್ರೀನಿವಾಸ ಗೌಡರು 142.5 ಮೀಟರನ್ನು 13.62 ಸೆಕೆಂಡುಗಳಲ್ಲಿ ಓಡಿದರು. ಯಾರೋ ಭಾಗಾಕಾರ ಮಾಡಿ, 100 ಮೀಟರಿಗೆ 9.55 ಸೆಕೆಂಡಾಯಿತೆಂದೂ, 2009ರಲ್ಲಿ ಬರ್ಲಿನ್ನಿನಲ್ಲಿ ಉಸೇನ್ ಬೋಲ್ಟ್ ಓಡಿದ 9.58ಕ್ಕಿಂತ ಅದು ಕಡಿಮೆಯೆಂದೂ ಸಾರಿದರು. ಎರಡು ವಾರ ಕಳೆಯುವಷ್ಟರಲ್ಲಿ ವೇಣೂರಿನಲ್ಲಿ ನಿಶಾಂತ ಶೆಟ್ಟರು 143 ಮೀಟರಿಗೆ 13.61 ಸೆಕೆಂಡು ತೆಗೆದುಕೊಂಡರು, ಮತ್ತೆ ಭಾಗಾಕಾರ. ಒಬ್ಬನು ನಿಂತಲ್ಲಿಂದ ತನ್ನ ಕಾಲಬಲದಿಂದಲೇ ಹೊರಟವನು. ಇನ್ನೊಬ್ಬನನ್ನು ಓಟದ ಉದ್ದಕ್ಕೂ ಒಂದು ಜೊತೆ ಕೋಣಗಳು ಎಳೆದಿವೆ. ಒಂದು ರಬ್ಬರಿನ ನೆಲ, ಇನ್ನೊಂದು ಕೆಸರು. ಕ್ರೀಡಾ ಪ್ರಾಧಿಕಾರದ ಪರೀಕ್ಷೆಗೆ ಗೌಡರಿಗೆ ಕರೆ ಬಂತು, ಅವರು ಒಪ್ಪಿಕೊಳ್ಳಲಿಲ್ಲ. ಈ ಇಡೀ ಪ್ರಸಂಗದಲ್ಲಿ ಅಳತೆಯ ಮರ್ಮವನ್ನು ಬಲ್ಲವರಂತೆ ನಡೆದುಕೊಂಡವರು ಅವರೊಬ್ಬರೇ ಎಂದರೂ ಸಲ್ಲುತ್ತದೆ.

ಇರಲಿ, ಯಂತ್ರಗಳಿಗೆ ಮರಳೋಣ. ಒಂದೇ ಮಾದರಿಯು ದಶಕಗಳ ಉದ್ದಕ್ಕೂ ತಿದ್ದಿಸಿಕೊಂಡು ಬಂದ ಕಥೆಯನ್ನು ಕನ್ನಡನಾಡಿನಲ್ಲಿಯೇ ಕಾಣಬೇಕಾದರೆ ಮೈಸೂರಿಗೆ ಹೋಗಬೇಕು. ಅದು ಕಾರಲ್ಲ, ಮೋಟಾರು ಸೈಕಲ್ಲು. ಆದರೆ ನಾಲ್ಕು ಚಕ್ರದ ಪಂದ್ಯದ ಕಾರು ಕನಸಿನಲ್ಲಿಯೂ ಸುಳಿಯದಿದ್ದ ಒಂದು ತಲೆಮಾರಿನ ಕನ್ನಡ ತರುಣರಿಗೆ ವೇಗವೆಂದರೆ ಅದೇ ಆಗಿತ್ತು. ಜಾವಾ ಎಂಬ ಹೆಸರು 1929ರಷ್ಟು ಹಿಂದಿನದು. ಪ್ರಾಗಿನ ಯಾನೆಚೆಕ್ ಎಂಬಾತನು ವಾಂಡರರ್ ಎಂಬ ಜರ್ಮನ್ ಸಂಸ್ಥೆಯ ಮೋಟಾರು ಸೈಕಲ್ಲಿನ ಹಕ್ಕನ್ನು ಕೊಂಡು, ಎರಡು ಹೆಸರುಗಳ ಮೊದಲಕ್ಷರಗಳನ್ನು ಕೂಡಿಸಿ ಕಟ್ಟಿದ್ದು. ರುಸ್ತುಂ ಇರಾನಿಯವರು 1960ರಲ್ಲಿ ಐಡಿಯಲ್ ಜಾವಾ ಸಂಸ್ಥೆಯನ್ನು ಹುಟ್ಟುಹಾಕಿ, 1961ರಲ್ಲಿ ಮೈಸೂರಿನ ಯಾದವಗಿರಿಯಲ್ಲಿ ಕಾರ್ಖಾನೆಯನ್ನು ತೆರೆದರು. ಆಗ ರಾಜ್ಯಪಾಲರಾಗಿದ್ದ ಜಯಚಾಮರಾಜ ಒಡೆಯರು ಅದನ್ನು ಉದ್ಘಾಟಿಸಿದರು. ಅಲ್ಲಿಂದ ಹೊರಬಿದ್ದ ಮೊದಲ ಜಾವಾ 250ರ ಎಂಜಿನ್ನು 248.5 ಸಿ.ಸಿ.ಯದು, ಒಂದೇ ಸಿಲಿಂಡರು, ಎರಡು ಸೈಲೆನ್ಸರು, 12 ಅಶ್ವಶಕ್ತಿ. ಕಿಕ್ಕರು ಬೇರೆ, ಗೇರಿನ ಕಡ್ಡಿ ಬೇರೆ ಎಂಬ ಭೇದವೇ ಅದಕ್ಕಿರಲಿಲ್ಲ. ಒಂದೇ ಕಡ್ಡಿಯನ್ನು ಹಿಂದಕ್ಕೆ ತಿರುಗಿಸಿ ಒದ್ದರೆ ಎಂಜಿನ್ನು ಹೊತ್ತಿಕೊಳ್ಳುವುದು, ಮುಂದಕ್ಕೆ ತಂದರೆ ಗೇರು. ಗೇರು ಬದಲಿಸುವಾಗ ಕ್ಲಚ್ಚು ತಾನಾಗಿ ಬಿಡುವ ಏರ್ಪಾಡೂ ಇತ್ತು. ಇಷ್ಟು ಜಾಣ್ಮೆಯ ಯಂತ್ರವನ್ನು ಮೊದಲ ಸಲ ಕಂಡವರು ಅದಕ್ಕೆ ಮನಸೋತದ್ದರಲ್ಲಿ ಆಶ್ಚರ್ಯವೇನೂ ಇಲ್ಲ.

1970ರ ದಶಕದಲ್ಲಿ ಜಾವಾ ಹೆಸರು ಹೋಗಿ ಯೆಜ್ದಿ ಬಂತು. ಇರಾನಿನ ಯಜ್ದ್ ನಗರದ ನೆನಪಿಗೆ ಇಟ್ಟ ಹೆಸರೆಂದು ಹೇಳುವುದುಂಟು. 1978ರಲ್ಲಿ ಬಂದ ರೋಡ್‌ಕಿಂಗ್ ಈ ವಂಶದ ಪ್ರಖ್ಯಾತ ಕುಡಿ. ಎಂಜಿನ್ನಿನ ಗಾತ್ರ ಅದೇ 248.5 ಸಿ.ಸಿ.; ಶಕ್ತಿ ಮಾತ್ರ 16. ಒಂದು ಸಿ.ಸಿ.ಯನ್ನೂ ಕೂಡಿಸದೆ ಮೂರನೆಯ ಒಂದು ಪಾಲು ಶಕ್ತಿಯನ್ನು ಹೆಚ್ಚಿಸಿದ ಈ ಪರಿಷ್ಕರಣವನ್ನು ಸಾಮಾನ್ಯ ಸಾಧನೆಯೆಂದು ಕರೆಯಲಾಗದು. ಹೊರಗಣ ಗಾಳಿಯೂ ಪೆಟ್ರೋಲೂ ಒಳಗೆ ಬರುವ, ಹೊಗೆ ಹೊರಗೆ ಹೋಗುವ ಕಿಂಡಿಗಳ ಅಳತೆ, ಎತ್ತರ, ತೆರೆದಿರುವ ಹೊತ್ತು—ಇವುಗಳ ಹದವೇ ಟೂ-ಸ್ಟ್ರೋಕ್ ಎಂಜಿನ್ನಿನ ಹಣೆಬರೆಹ. ಕೂದಲೆಳೆಯಷ್ಟು ಹೆಚ್ಚುಕಡಿಮೆಯಾದರೂ ಯಂತ್ರದ ಸ್ವಭಾವವೇ ಬದಲಾಗುತ್ತದೆ. ಇಂದಿಗೂ ಜುಲೈ ತಿಂಗಳ ಎರಡನೆಯ ಭಾನುವಾರ ಜಾವಾ ದಿನವೆಂದು ಹಳೆಯ ಗಾಡಿಗಳನ್ನು ತೊಳೆದು ಬೆಳಗಿ ಹೊರಡುವವರಲ್ಲಿ ಕೆಲವರು 12ರ ಜಾವಾವೇ ಮೇಲೆನ್ನುತ್ತಾರೆ, ಕೆಲವರು 16ರ ರೋಡ್‌ಕಿಂಗ್ ಎನ್ನುತ್ತಾರೆ. ಮೊದಲಿನದರಲ್ಲಿ ಸೌಮ್ಯತೆಯುಂಟು, ಎರಡನೆಯದರಲ್ಲಿ ಆವೇಶವುಂಟು. ಇಬ್ಬರ ವಾದದಲ್ಲಿಯೂ ಹುರುಳಿದೆ.

ಆದರೆ ಈ ವಾದದಲ್ಲಿ ಯಾರೂ ಹೇಳದೆ ಬಿಡುವ ಒಂದು ಸಂಗತಿಯುಂಟು. ಆ ಶಕ್ತಿ ಎಲ್ಲಿಂದ ಬಂತು? ಟೂ-ಸ್ಟ್ರೋಕ್ ಎಂಜಿನ್ನಿನಲ್ಲಿ ಹೊಗೆ ಹೊರಗೆ ಹೋಗುವಾಗಲೇ ಹೊಸ ಪೆಟ್ರೋಲು ಒಳಗೆ ಬರುತ್ತಿರುತ್ತದೆ. ಬಂದುದರಲ್ಲಿ ಗಣನೀಯ ಪಾಲು ಉರಿಯದೆಯೇ ಹೊಗೆಯೊಡನೆ ಹೊರಬೀಳುತ್ತದೆ. ಮೇಲಾಗಿ, ಪೆಟ್ರೋಲಿಗೆ ಬೆರೆಸಿದ ಎಣ್ಣೆಯೂ ಜೊತೆಗೆ ಸುಡುತ್ತದೆ. ಹಿಂದೆ ಬರುತ್ತಿದ್ದ ನೀಲಿ ಹೊಗೆಯ ಪರಿಮಳವನ್ನು ಈಗ ಪ್ರೀತಿಯಿಂದ ನೆನೆಯುವವರು ಮುಂದೆ ಕುಳಿತಿದ್ದವರು. ಹಿಂದೆ ಬಸ್ ನಿಲ್ದಾಣದಲ್ಲಿ ನಿಂತಿದ್ದವರನ್ನು ಯಾರೂ ಕೇಳಲಿಲ್ಲ. ಸವಾರನಿಗೆ ದೊರೆತ ವೇಗದ ಬೆಲೆಯಲ್ಲಿ ಒಂದು ಭಾಗವನ್ನು ಊರಿನ ಎದೆಗೂಡುಗಳು ತೆತ್ತವು. ಈ ಲೆಕ್ಕವನ್ನು ಸರಕಾರವು ಮೊದಲು ಕೇಳಿದ್ದು 1991ರಲ್ಲಿ, ಹೊಗೆಯ ಮಿತಿಯನ್ನು ಗೊತ್ತುಮಾಡಿದಾಗ. ಮಿತಿ ಇನ್ನೂ ಬಿಗಿಯಾದದ್ದು 1996ರಲ್ಲಿ. ಮೈಸೂರಿನ ಕಾರ್ಖಾನೆ ಮುಚ್ಚಿದ್ದೂ 1996ರಲ್ಲಿಯೇ.

ಇಷ್ಟರಿಂದಲೇ ಕಾನೂನೇ ಕಾರ್ಖಾನೆಯನ್ನು ಕೊಂದಿತೆಂದು ಹೇಳುವುದು ಸರಿಯಾಗದು. ಸಾಲವಿತ್ತು, ಕಾರ್ಮಿಕರ ಅತೃಪ್ತಿಯಿತ್ತು. ಎಲ್ಲಕ್ಕಿಂತ ಮುಖ್ಯವಾಗಿ, ಜನರು ಸಾಮರ್ಥ್ಯವೆಂಬ ಶಬ್ದಕ್ಕೆ ಅರ್ಥವನ್ನೇ ಬದಲಿಸಿಬಿಟ್ಟಿದ್ದರು. 1985ರಲ್ಲಿ ಬಂದ ಹೀರೋ ಹೋಂಡಾ ಸಿ.ಡಿ. 100ರ ಶಕ್ತಿ ರೋಡ್‌ಕಿಂಗಿನ ಅರ್ಧವನ್ನೂ ಮುಟ್ಟುತ್ತಿರಲಿಲ್ಲ. ಆದರೆ ಲೀಟರಿಗೆ 80 ಕಿಲೋಮೀಟರು ಎಂಬ ಜಾಹೀರಾತು ಸಾಲವೆತ್ತಿ ಗಾಡಿ ಕೊಳ್ಳುವ ಗುಮಾಸ್ತನಿಗೂ ಮೇಷ್ಟರಿಗೂ ಹದಿನಾರು ಕುದುರೆಗಳಿಗಿಂತ ಮಧುರವಾಗಿ ಕೇಳಿಸಿತು. ಅವರ ಆಯ್ಕೆಯನ್ನು ಅರಸಿಕತೆಯೆಂದು ಹೀಗಳೆಯುವವರ ಜೊತೆಗೆ ನಾನು ನಿಲ್ಲಲಾರೆ. ತಿಂಗಳ ಕೊನೆಯ ವಾರದಲ್ಲಿ ಪೆಟ್ರೋಲು ಹಾಕಿಸುವುದೂ ಒಂದು ಪರೀಕ್ಷೆಯೇ. ಅದರಲ್ಲಿ ರೋಡ್‌ಕಿಂಗ್ ತೇರ್ಗಡೆಯಾಗಲಿಲ್ಲ. ಮೈಸೂರಿನವರ ತಪ್ಪೆಂದರೆ, ನನ್ನ ತಿಳಿವಳಿಕೆಯ ಮಟ್ಟಿಗೆ, ಮೇಲಿಂದ ಮೇಲೆ ತಿದ್ದಿದರೂ ಮೂಲದ ಎಂಜಿನ್ನನ್ನು ಬದಲಿಸದೆ ಹೋದದ್ದು. ಪಾಠವನ್ನು ಎಷ್ಟು ಪರಿಷ್ಕರಿಸಿದರೂ ಛಂದಸ್ಸು ಅದೇ ಆಗಿತ್ತು. ಕಾಲವೋ ಬೇರೆ ಛಂದಸ್ಸನ್ನು ಕೇಳುತ್ತಿತ್ತು.

ಹಾಗೆಂದು ಹಳೆಯದರ ಅಭಿಮಾನಿಗಳ ಕೈಯಲ್ಲಿ ಒಂದು ಬಲವಾದ ಅಸ್ತ್ರವಿರುವುದನ್ನು ಮರೆಮಾಚುವುದೂ ನ್ಯಾಯವಲ್ಲ. ಆ ಎಂಜಿನ್ನನ್ನು ಹಳ್ಳಿಯ ಮೆಕ್ಯಾನಿಕ್ಕನೂ ಒಂದು ಗೋಣಿಚೀಲದ ಮೇಲೆ ಬಿಚ್ಚಿ ಹರಡಿ ಸಂಜೆಯೊಳಗೆ ಕೂಡಿಸಿ ಕೊಡಬಲ್ಲವನಾಗಿದ್ದ. ಇಂದಿನ ಕಾರಿಗೋ ಮೋಟಾರು ಸೈಕಲ್ಲಿಗೋ ರೋಗವೇನೆಂದು ತಿಳಿಯಬೇಕಾದರೆ ಅದರ ಗಣಕಕ್ಕೆ ಇನ್ನೊಂದು ಗಣಕವನ್ನು ಜೋಡಿಸಬೇಕು. ಮೂವತ್ತು ವರ್ಷಗಳಾಚೆಗೂ ಓಡುತ್ತಿರುವುದೂ ಸಾಮರ್ಥ್ಯದ ಒಂದು ಮುಖವೆಂದು ಒಪ್ಪಿದರೆ, ಯಾದವಗಿರಿಯ ಗಾಡಿಗಳು ಅನೇಕ ಹೊಸ ಮಾದರಿಗಳನ್ನು ನಾಚಿಸುತ್ತವೆ. ಆದರೆ ಯಾವ ತಯಾರಕನ ಪಟ್ಟಿಯಲ್ಲಿಯೂ ಆ ಅಂಕಣವಿಲ್ಲ.

ಅಂಕೆಗಳಿಗೆ ಊರೂ ಉಂಟೆಂಬುದನ್ನು ಇಲ್ಲಿಯೇ ಹೇಳಿಬಿಡಬೇಕು. ಕಡಲಮಟ್ಟದಿಂದ ಮೇಲೆ ಹೋದಂತೆಲ್ಲ ಗಾಳಿ ತೆಳುವಾಗುತ್ತದೆ. ಟರ್ಬೋ ಇಲ್ಲದ ಎಂಜಿನ್ನು ಪ್ರತಿ 100 ಮೀಟರಿಗೆ ಸುಮಾರು ನೂರಕ್ಕೆ ಒಂದು ಪಾಲು ಶಕ್ತಿಯನ್ನು ಕಳೆದುಕೊಳ್ಳುತ್ತದೆ. ಉಡುಪಿಯಲ್ಲಿ 100 ಅಶ್ವಶಕ್ತಿ ಕೊಡುವ ಎಂಜಿನ್ನು, ಸುಮಾರು 900 ಮೀಟರು ಎತ್ತರದ ಬೆಂಗಳೂರಿನಲ್ಲಿ 91 ಕೊಟ್ಟರೆ ಹೆಚ್ಚು. ಹಾಗಿರುವಾಗ ಹಳೆಯ ಮಾದರಿಯನ್ನು ಚೆನ್ನೈಯಲ್ಲಿ ಓಡಿಸಿದವನೂ ಹೊಸದನ್ನು ಬೆಂಗಳೂರಿನಲ್ಲಿ ಓಡಿಸಿದವನೂ ಸೆಕೆಂಡಿನ ಹತ್ತನೆಯ ಒಂದು ಪಾಲಿಗಾಗಿ ಜಗಳವಾಡಿದರೆ ಅದು ಗಾಳಿಯ ಜಗಳವೇ ಹೊರತು ಗಾಡಿಯ ಜಗಳವಲ್ಲ. ನಮ್ಮ ಕರಾವಳಿಯ ಸೆಕೆಯೂ ಗಾಳಿಯ ತೇವವೂ ತಮ್ಮ ಪಾಲನ್ನು ಕಸಿದುಕೊಳ್ಳುತ್ತವೆ. ಇಂಧನ, ಟೈರು, ಓಡಿಸುವವನ ದೇಹದ ತೂಕ—ಇವನ್ನೆಲ್ಲ ಬಿಡಿಸಿ ಹೇಳುತ್ತ ಕುಳಿತರೆ ಈ ಪುಟ ಸಾಲದು.

ಟರ್ಬೋ ಎಂದೊಡನೆ ಪೋರ್ಶೆ 911ರ ಅಭಿಮಾನಿಗಳ ಕೊರಗು ನೆನಪಾಗುತ್ತದೆ. 1963ರಲ್ಲಿ ಮೊದಲು ಪ್ರದರ್ಶನಕ್ಕೆ ಬಂದ ಆ ಕಾರಿನಷ್ಟು ತಾಳ್ಮೆಯಿಂದ ತಿದ್ದಿಸಿಕೊಂಡು ಬಂದ ಪಂದ್ಯದ ಕಾರು ಬೇರೊಂದಿಲ್ಲ. 2015ರಲ್ಲಿ ಪ್ರಕಟವಾದ ತಿದ್ದುಪಡಿಯಲ್ಲಿ ಅದರ ಸಾಮಾನ್ಯ ಕರೆರಾ ಮಾದರಿಯ 3.4 ಲೀಟರಿನ ಎಂಜಿನ್ನನ್ನು ತೆಗೆದು, 3 ಲೀಟರಿನ, ಎರಡು ಟರ್ಬೋಗಳುಳ್ಳ ಎಂಜಿನ್ನನ್ನು ಕೂರಿಸಿದರು. ಶಕ್ತಿ 350ರಿಂದ 370ಕ್ಕೆ ಏರಿತು, ಎಳೆತ 390 ನ್ಯೂಟನ್-ಮೀಟರಿನಿಂದ 450ಕ್ಕೆ. ಅದಕ್ಕಿಂತ ದೊಡ್ಡ ಬದಲಾವಣೆಯೆಂದರೆ, ಮೊದಲು 5,600 ಸುತ್ತುಗಳಲ್ಲಿ ಸಿಗುತ್ತಿದ್ದ ಪೂರ್ಣ ಎಳೆತ ಈಗ 1,700 ಸುತ್ತುಗಳಲ್ಲಿಯೇ ಸಿಕ್ಕಿತು. ಯಾವ ಕೋಲಿನಿಂದ ಅಳೆದರೂ ಹೊಸದೇ ಮುಂದು. ಆದರೂ ಹಳೆಯದನ್ನು ಬಲ್ಲವರು, ಎಂಜಿನ್ನು ಮೇಲಕ್ಕೇರುತ್ತ ಹಾಡುತ್ತಿದ್ದ ಹಾಡು ಹೋಯಿತೆಂದರು. ನಮ್ಮಲ್ಲಿ ಕಾಲಮಿತಿಯ ಯಕ್ಷಗಾನ ಬಂದಾಗ ಕೇಳಿದ ಆಕ್ಷೇಪಕ್ಕೂ ಇದಕ್ಕೂ ಹತ್ತಿರದ ನಂಟು. ರಾತ್ರಿಯಿಡೀ ನಡೆಯುತ್ತಿದ್ದ ಪ್ರಸಂಗ ಮೂರು ನಾಲ್ಕು ತಾಸಿನಲ್ಲಿ ಮುಗಿದರೆ ಕಥೆ ಕೆಡುವುದಿಲ್ಲ, ರಭಸವೂ ಹೆಚ್ಚುತ್ತದೆ. ಆದರೆ ನಿಧಾನವಾಗಿ ಕಾವೇರುವ ಆ ಅನುಭವಕ್ಕೆ ಬೇರೆ ಹೊತ್ತು ಬೇಕು. ಅದನ್ನು ಬಯಸುವವನನ್ನು ಮೂಢನೆನ್ನಲಾಗದು. ಅವನು ತನಗೆ ಬೇಕಾದುದು ವೇಗವಲ್ಲವೆಂದು ನೇರವಾಗಿ ಒಪ್ಪಿಕೊಂಡರೆ ಸಾಕು.

ಈ ವಿವೇಚನೆಯನ್ನು ಕಲಿಸಬೇಕಾದ ಎಡೆ ತರಗತಿಯೆಂದಾದರೆ, ಅದಕ್ಕೆ ಬೇಕಾದ ಪಠ್ಯ ನಮ್ಮ ನೆರೆಯಲ್ಲಿಯೇ ಇದೆ. 1957ರಲ್ಲಿ ಸ್ಥಾಪಿತವಾದ ಮಣಿಪಾಲದ ತಾಂತ್ರಿಕ ವಿದ್ಯಾಲಯದ ವಿದ್ಯಾರ್ಥಿಗಳು ‘ಫಾರ್ಮುಲಾ ಮಣಿಪಾಲ್’ ಎಂಬ ತಂಡ ಕಟ್ಟಿಕೊಂಡು, ಒಬ್ಬನೇ ಕೂರಬಲ್ಲ ಪಂದ್ಯದ ಕಾರುಗಳನ್ನು ತಾವೇ ರೂಪಿಸಿ ತಾವೇ ಕಟ್ಟುತ್ತ ಬಂದಿದ್ದಾರೆ. ಅವರು ಭಾಗವಹಿಸುವ ಬಗೆಯ ಸ್ಪರ್ಧೆ 1981ರಲ್ಲಿ ಅಮೆರಿಕದಲ್ಲಿ ಆರಂಭವಾಗಿ ಈಗ ಲೋಕದ ನಾನಾ ಕಡೆ ಹಬ್ಬಿದೆ. ಅದರ ಅಂಕಗಳ ಹಂಚಿಕೆಯನ್ನು ನೋಡಿದರೆ ಕಂಬಳದ ಕರೆಯಲ್ಲಿ ಕಂಡ ವಿವೇಕವೇ ಕಾಣುತ್ತದೆ. ಒಟ್ಟು 1,000 ಅಂಕಗಳು. ನೇರ 75 ಮೀಟರಿನ ಓಟಕ್ಕೆ ಅದರಲ್ಲಿ ಸಿಗುವುದು ಚಿಕ್ಕ ಪಾಲು. ಸುಮಾರು 22 ಕಿಲೋಮೀಟರು ಕೆಡದೆ ಓಡಬೇಕಾದ ಸಹನೆಯ ಓಟಕ್ಕೆ ಅದರ ಎಷ್ಟೋ ಪಟ್ಟು. ಕಾರನ್ನು ಹೀಗೇ ಏಕೆ ಕಟ್ಟಿದಿರೆಂದು ಪರೀಕ್ಷಕರು ಕೇಳಿದರೆ ಉತ್ತರ ಹೇಳಬೇಕು, ಅದಕ್ಕೂ ಅಂಕ. ಎಷ್ಟು ಖರ್ಚಾಯಿತೆಂಬುದಕ್ಕೂ ಅಂಕ, ಎಷ್ಟು ಇಂಧನ ಕುಡಿಯಿತೆಂಬುದಕ್ಕೂ ಅಂಕ. ಹಿಂದಿನ ವರ್ಷದ ಕಾರಿಗಿಂತ ಈ ವರ್ಷದ್ದು ನೇರ ಓಟದಲ್ಲಿ ವೇಗವಾಗಿದ್ದು, ಹನ್ನೆರಡನೆಯ ಸುತ್ತಿನಲ್ಲಿ ಎಣ್ಣೆ ಸೋರಿ ನಿಂತರೆ ಆ ಪರಿಷ್ಕರಣಕ್ಕೆ ಬೆಲೆಯೇನು? ಇಂಥ ಕೆಲಸದಲ್ಲಿ ಕೈ ಕರಿದುಮಾಡಿಕೊಂಡವನಿಗೆ ಜಾಹೀರಾತಿನ ಅಂಕೆ ಸುಲಭವಾಗಿ ಮಂಕುಬೂದಿ ಎರಚಲಾರದು. ಗೆಳೆಯನ ಕಾರಿನ ಬದಿಯಲ್ಲಿ ನಿಂತು ಅಂಕೆಗಳನ್ನು ಬಾಯಿಪಾಠ ಒಪ್ಪಿಸುವವನಿಗೆ ಆ ರಕ್ಷೆಯಿಲ್ಲ.

ಅಂಕೆಯ ಮೋಹ ಬರಿಯ ಮಾತಿನಲ್ಲಿಯೇ ಮುಗಿಯುವುದಾಗಿದ್ದರೆ ಇಷ್ಟು ದೀರ್ಘವಾಗಿ ಬರೆಯಬೇಕಾದುದೇನೂ ಇರಲಿಲ್ಲ. ನೂರರ ವೇಗಕ್ಕೆ ಇಂತಿಷ್ಟೇ ಸೆಕೆಂಡೆಂದು ಓದಿದವನಿಗೆ ಅದನ್ನೊಮ್ಮೆ ಪರೀಕ್ಷಿಸಿ ನೋಡುವ ಆಸೆ ಸಹಜ. ಅದಕ್ಕೆಂದೇ ಕಟ್ಟಿದ ಪಥ ಅವನ ಕೈಗೆಟುಕುವಷ್ಟು ಹತ್ತಿರದಲ್ಲಿಲ್ಲ. ಚೆನ್ನೈಯ ಬಳಿ, ಹಿಂದೆ ಶೋಳಾವರಂನ ವಿಮಾನದ ಹಾದಿಯಲ್ಲಿ ಪಂದ್ಯಗಳು ನಡೆಯುತ್ತಿದ್ದವು. ಈಗ ಇರುಂಗಾಟ್ಟುಕೋಟೈಯಲ್ಲಿ ಪಥವುಂಟು. ಇಲ್ಲಿರುವುದು ರಾಷ್ಟ್ರೀಯ ಹೆದ್ದಾರಿ 66, ಅದನ್ನು ದಾಟಿ ಶಾಲೆಗೂ ದೇವಸ್ಥಾನಕ್ಕೂ ಹೋಗುವ ಜನ, ಇಲ್ಲವೆ ಮೀನಿನ ಬುಟ್ಟಿ ಹೊತ್ತವರು ನಡೆಯುವ ಹೂಡೆಯ ರಸ್ತೆ. ಹೊಸ ಮಾದರಿ ಹಳೆಯದಕ್ಕಿಂತ ಅರ್ಧ ಸೆಕೆಂಡು ಬೇಗ ನೂರನ್ನು ಮುಟ್ಟುತ್ತದೆಂಬ ಮಾತಿಗೆ ಈ ರಸ್ತೆಯ ಅಂಚಿನಲ್ಲಿ ನಡೆಯುವ ಮುದುಕಿಯ ಪಾಲಿಗೆ ಒಂದೇ ಅರ್ಥ: ಅವಳಿಗೆ ಬದಿಗೆ ಸರಿಯಲು ಇದ್ದ ಹೊತ್ತಿನಲ್ಲಿ ಅರ್ಧ ಸೆಕೆಂಡು ಕಡಿಮೆಯಾಯಿತು. ನಿಲ್ಲುವ ದೂರವನ್ನು ಕುರಿತು, ಮಳೆಗಾಲದ ಒದ್ದೆ ರಸ್ತೆಯ ಮೇಲೆ ಬ್ರೇಕಿನ ಹಿಡಿತವನ್ನು ಕುರಿತು ಎರಡು ಮಾದರಿಗಳನ್ನು ಹೋಲಿಸಿ ವಾದಮಾಡಿದ ಹುಡುಗರನ್ನು ನಾನಿನ್ನೂ ಕಂಡಿಲ್ಲ. ವರ್ಷದಲ್ಲಿ ನಾಲ್ಕು ತಿಂಗಳು ಮಳೆ ಸುರಿಯುವ ಈ ಜಿಲ್ಲೆಯಲ್ಲಿ ಮೊದಲು ಕೇಳಬೇಕಾದ ಅಂಕೆ ಅದೇ ಆಗಬೇಕಿತ್ತು.

ಮೈಸೂರಿನ ಹೆಸರು ಮತ್ತೆ ರಸ್ತೆಗೆ ಬಂದ ಕಥೆ ಈಚಿನದು. 2018ರ ನವೆಂಬರಿನಲ್ಲಿ ಮಹೀಂದ್ರದವರ ಬೆಂಬಲದ ಕ್ಲಾಸಿಕ್ ಲೆಜೆಂಡ್ಸ್ ಸಂಸ್ಥೆ ಜಾವಾವನ್ನು ಮರಳಿ ತಂದಿತು. ಗಾಡಿ ತಯಾರಾಗುವುದು ಯಾದವಗಿರಿಯಲ್ಲಲ್ಲ, ಮಧ್ಯಪ್ರದೇಶದ ಪೀಥಂಪುರದಲ್ಲಿ. ಈ ಸಲ ಎಂಜಿನ್ನಿನ ಛಂದಸ್ಸೇ ಬದಲಾಗಿತ್ತು: ಫೋರ್-ಸ್ಟ್ರೋಕ್, 293 ಸಿ.ಸಿ., 27 ಅಶ್ವಶಕ್ತಿ, 28 ನ್ಯೂಟನ್-ಮೀಟರ್ ಎಳೆತ. 2020ರಲ್ಲಿ ಹೊಗೆಯ ಕಾನೂನು ಬಿಎಸ್-6ಕ್ಕೆ ಏರಿದಾಗ ಶಕ್ತಿ 26.5ಕ್ಕೆ ಇಳಿಯಿತು, ಅರ್ಧ ಕುದುರೆಗಾಗಿ ಕೆಲವರು ದೊಡ್ಡ ದನಿಯಲ್ಲಿಯೇ ಅತ್ತರು. 2024ರ ಜನವರಿಯಲ್ಲಿ ಬಂದ ಜಾವಾ 350ರದು ಇನ್ನೂ ವಿಚಿತ್ರ. ಎಂಜಿನ್ನು 334 ಸಿ.ಸಿ.ಗೆ ಹಿಗ್ಗಿತು, ಶಕ್ತಿ 22.5ಕ್ಕೆ ಕುಗ್ಗಿತು, ಎಳೆತ 28.2ರಲ್ಲಿ ನಿಂತಿತು. ಗಾತ್ರ ಹೆಚ್ಚಿಸಿ ಶಕ್ತಿ ಕಳೆದುಕೊಂಡ ಈ ಪರಿಷ್ಕರಣವನ್ನು ಕಂಡು ಹಾಸ್ಯಮಾಡುವುದು ಸುಲಭ. ಹಾಸ್ಯ ನಡೆದೂ ಇದೆ. ಗಾಡಿ ಹಿಂದಿಗಿಂತ ಭಾರವಾದದ್ದೂ ನಿಜ. ಆದರೆ ಅಂಕೆಗಳನ್ನು ಒಂದರ ಪಕ್ಕದಲ್ಲಿ ಒಂದನ್ನಿಟ್ಟು ಓದಿದರೆ, ಕಡಿಮೆಯಾದುದು ಎಂಜಿನ್ನು ಅತಿವೇಗವಾಗಿ ತಿರುಗುವಾಗಿನ ಉಸಿರೇ ಹೊರತು ಕೆಳಗಣ ಎಳೆತವಲ್ಲವೆಂದು ತಿಳಿಯುತ್ತದೆ.

ಅದರ ಪರೀಕ್ಷೆಗೆ ನಮಗೆ ಬಹುದೂರ ಹೋಗಬೇಕಾದುದಿಲ್ಲ. ಹೆಬ್ರಿ ದಾಟಿ ಸೋಮೇಶ್ವರದಿಂದ ಆಗುಂಬೆಯ ಘಾಟಿಯನ್ನು ಹತ್ತಿದರೆ ಹದಿನಾಲ್ಕು ಕಡಿದಾದ ತಿರುವುಗಳು. ಎದುರಿನಿಂದ ಬಸ್ಸು ಇಳಿಯುತ್ತದೆ, ತಿರುವಿನಲ್ಲಿ ಸಿಂಗಳೀಕವೊಂದು ಕುಳಿತಿರುತ್ತದೆ, ರಸ್ತೆಯ ಮೇಲೆ ಮೋಡ ಇಳಿದಿರುತ್ತದೆ. 22.5ರ ಗಾಡಿಯಾಗಲಿ 27ರ ಗಾಡಿಯಾಗಲಿ 370ರ ಪೋರ್ಶೆಯಾಗಲಿ, ತನ್ನ ಗರಿಷ್ಠ ಶಕ್ತಿಯನ್ನು ಅಲ್ಲಿ ಒಂದು ಗಳಿಗೆಯೂ ಬಳಸಲಾರದು. ಎರಡನೆಯ ಗೇರಿನಲ್ಲಿ, ಹಿಂದೆ ಒಬ್ಬರನ್ನು ಕೂರಿಸಿಕೊಂಡು, ತಡವರಿಸದೆ ಮೇಲಕ್ಕೆ ಎಳೆಯುವುದಷ್ಟೇ ಅಲ್ಲಿನ ಕೆಲಸ. ಆ ಹದಿನಾಲ್ಕು ತಿರುವುಗಳಲ್ಲಿ ಎರಡೂ ಜಾವಾಗಳನ್ನು ಒಂದೇ ದಿನ, ಒಬ್ಬನೇ ಸವಾರ, ಒಂದೇ ಬಂಕಿನ ಪೆಟ್ರೋಲಿನಲ್ಲಿ ಓಡಿಸಿ ನೋಡಿದವರು ಬರೆದರೆ, ನಾನಂತೂ ಆಸಕ್ತಿಯಿಂದ ಓದುತ್ತೇನೆ.